ಬಿ.ಕಾಂ. ಓದುವಾಗ ಮತ್ತೆ ವಿಜ್ಞಾನದ ಹುಚ್ಚು ಹತ್ತಿದೆ, ತಡವಾಯ್ತಾ?

ಚಿಕ್ಕಂದಿನಲ್ಲಿ ವಿಜ್ಞಾನ ಅಂದ್ರೆ ಇಷ್ಟ ಇತ್ತು, ಆಮೇಲೆ ಬಿಟ್ಟುಹೋಯ್ತು, ಈಗ ಕಾಮರ್ಸ್ ಓದುವಾಗ ಮತ್ತೆ ಶುರುವಾಗಿದೆ ಅಂತ ಬರೆದಿದ್ದೀರಿ. ನಾನೂ ಬಿ.ಕಾಂ. ನನಗೂ ಹಾಗೇ ಆಯಿತು.

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ. ನಾನಾಗ ಮೈಸೂರಿನಲ್ಲಿ ಎಂಟನೇ ಕ್ಲಾಸು. ಅಜ್ಜಿ ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿ, ಮುಂಬಾಗಿಲು ಭದ್ರ ಮಾಡಿ ಕೂತಿದ್ದರು. ನಾನು ಹಿತ್ತಲಿಂದ ಜಾರಿಕೊಂಡೆ. ಗ್ರಹಣದ ಕನ್ನಡಕ ಇರಲಿಲ್ಲ, ಹಾಗಾಗಿ ಮೇಲೆ ನೋಡದೆ ತಲೆ ತಗ್ಗಿಸಿಯೇ ನಿಂತೆ. ಹೊಂಗೆ ಮರದ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ನೂರಾರು ಪುಟಾಣಿ ಬಿದಿಗೆ ಚಂದ್ರಗಳು! ಎಲೆಗಳ ನಡುವಿನ ಒಂದೊಂದು ಸಂದಿಯೂ ಪಿನ್‌ಹೋಲ್ ಕ್ಯಾಮೆರಾ, ಅಂದ್ರೆ ಪುಟ್ಟ ತೂತಿನಿಂದ ಚಿತ್ರ ಮೂಡಿಸುವ ಕ್ಯಾಮೆರಾ ಆಗಿತ್ತು. ದಿನಾ ಮರದಡಿ ಬೀಳುವ ದುಂಡನೆಯ ಬೆಳಕಿನ ಚುಕ್ಕೆಗಳೂ ಸೂರ್ಯನ ಚಿತ್ರಗಳೇ ಅಂತ ಗೊತ್ತಾದಾಗ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಮಾರ್ಕ್ಸ್ ಕಮ್ಮಿ ಬಂತು. ಮನೆಯಲ್ಲಿ ಸೈನ್ಸ್ ಅಂದ್ರೆ ಸಿಇಟಿ, ನೀಟ್, ಕೋಚಿಂಗ್ ಫೀಸು, ಅಷ್ಟೇ. ಕಾಮರ್ಸ್ ತಗೊಂಡೆ. ಬೇಜಾರೂ ಆಗಲಿಲ್ಲ. ಹೊಂಗೆ ಮರವನ್ನೂ ಸೈನ್ಸ್ ಸೀಟಿನ ಲೆಕ್ಕಕ್ಕೇ ಸೇರಿಸಿ ಬಿಟ್ಟುಬಿಟ್ಟೆ, ಪೆದ್ದ ನಾನು.

2025ರ ಏಪ್ರಿಲ್ 24, ಬೆಂಗಳೂರು. ಇವತ್ತು ಶೂನ್ಯ ನೆರಳಿನ ದಿನ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತದ್ದರ ನೆರಳು ಮಾಯವಾಗುತ್ತೆ ಅಂತ ಕ್ಲಾಸಿನ ಗ್ರೂಪಿಗೆ ಯಾರೋ ಮೆಸೇಜ್ ಹಾಕಿದ್ದರು. ಸುಮ್ನೆ ಸ್ಟೀಲ್ ಬಾಟಲಿ ಹಿಡಿದು ಟೆರೇಸ್ ಹತ್ತಿದೆ. ಕಾದ ಸಿಮೆಂಟಿನ ಮೇಲೆ ಬಾಟಲಿಯ ನೆರಳು ಕುಗ್ಗುತ್ತಾ ಕುಗ್ಗುತ್ತಾ 12.17ರ ಸುಮಾರಿಗೆ ಬುಡದೊಳಗೆ ಸೇರಿಬಿಟ್ಟಿತು. ನನ್ನ ನೆರಳೂ ಚಪ್ಪಲಿ ಸುತ್ತ ಮುದ್ದೆಯಾಗಿತ್ತು. ತಕ್ಷಣ ಮಂಗಳೂರಿನ ಗೆಳತಿಗೆ ಫೋನ್ ಮಾಡಿದೆ. ಅವಳು ಅಂಗಳದಲ್ಲಿ ಮೇಣದಬತ್ತಿ ನಿಲ್ಲಿಸಿದಳು. ಇನ್ನೂ ಚೂರು ನೆರಳಿದೆ ಅಂದಳು! ಹನ್ನೊಂದು ನಿಮಿಷ ಫೋನ್ ಇಡದೆ ಕಾದೆವು. ಎರಡೂ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶ, 13 ಡಿಗ್ರಿ. ಆದ್ರೆ ಮಂಗಳೂರು ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗೋಕೆ ನಾಲ್ಕು ನಿಮಿಷ ಬೇಕು, ಅಲ್ವಾ? ನಮ್ಮ ನಡುವೆ ಇರೋದು ರೇಖಾಂಶದ ಪೌಣೇ ಮೂರು ಡಿಗ್ರಿ. ಗುಣಿಸಿ ನೋಡಿ. ಗಣಿತ ಬರಲ್ಲ ಅನ್ನಿಸಿಕೊಂಡವನು ಅಕೌಂಟ್ಸ್ ನೋಟ್‌ಬುಕ್ಕಿನ ಹಿಂದೆ ಇದನ್ನೇ ಮೂರು ಸಲ ಮಾಡಿದೆ.

ನಿಮಗೆ ಹೇಳೋದಾದ್ರೆ, ದಪ್ಪ ಪುಸ್ತಕ ಕೊಳ್ಳಬೇಡಿ, ಆನ್‌ಲೈನ್ ಕೋರ್ಸೂ ಈಗಲೇ ಬೇಡ. ಮಾರ್ಚ್ 21ರ ಆಸುಪಾಸು, ನೆರಳು ಅತಿ ಚಿಕ್ಕದಾಗುವ ಹೊತ್ತಿಗೆ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅಳೆಯಿರಿ. ಬೆಂಗಳೂರಲ್ಲಾದ್ರೆ ಸುಮಾರು 23 ಸೆಂಟಿಮೀಟರ್ ಬರುತ್ತದೆ. ಆಗ ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರ್ತಾನೆ, ಹಾಗಾಗಿ ಕೋಲು ಮತ್ತು ನೆರಳಿನ ಅಳತೆಯಿಂದ ಸಿಗುವ ಕೋನದಲ್ಲಿ ನಿಮ್ಮೂರಿನ ಅಕ್ಷಾಂಶ ನೀವೇ ಕಂಡುಹಿಡಿಯಬಹುದು. ಕರ್ನಾಟಕದಲ್ಲಿ ಎಲ್ಲೇ ಇದ್ದರೂ ವರ್ಷಕ್ಕೆ ಎರಡು ಸಲ ನೆರಳು ಮಾಯವಾಗುತ್ತದೆ. ದೆಹಲಿಯವರಿಗೆ ಆ ಭಾಗ್ಯ ಇಲ್ಲ, ಅವರು ಕರ್ಕಾಟಕ ವೃತ್ತದ ಆಚೆ, ಅದರಿಂದ ಉತ್ತರಕ್ಕೆ ಸೂರ್ಯ ನೆತ್ತಿಗೆ ಬರೋದೇ ಇಲ್ಲ. ಬೆಂಗಳೂರಲ್ಲಿ ಎರಡನೇ ಸಲ ಆಗಸ್ಟ್ 18ರ ಸುಮಾರಿಗೆ. ಅವತ್ತೂ ಬಾಟಲಿ ಹಿಡಿದು ಟೆರೇಸ್ ಹತ್ತಿದ್ದೆ. ಪೂರ್ತಿ ಮೋಡ.