ಬಾಕಿ ತೀರಿಸುವ ಶನಿವಾರ

ಅವರನ್ನು ಇಲ್ಲಿ ಮಂಜುನಾಥ ಎನ್ನೋಣ. ಹೆಸರು, ಕೆಲಸದ ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತು ದಾಟಿದೆ. ಮನೆ ಶಿರಸಿ ಹತ್ತಿರದ ಹಳ್ಳಿ, ಕೆಲಸ ಪಂಪ್‌ಸೆಟ್ ಮಾರಾಟ. ಭಾನುವಾರ ರಾತ್ರಿ ಬಸ್ ಹತ್ತಿದರೆ ಬೆಂಗಳೂರು, ತುಮಕೂರು, ದಾವಣಗೆರೆ ಸುತ್ತಿ ಮನೆ ಸೇರುವುದು ಶನಿವಾರ ಬೆಳಗಿನ ಜಾವ.

ನಿದ್ದೆ ಬರುವುದಿಲ್ಲ, ಸಣ್ಣದಕ್ಕೂ ಸಿಟ್ಟು ಬರುತ್ತದೆ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದರು. ಸೈಕಲ್ ಸುದ್ದಿ ಎತ್ತಿದ್ದು ಎದ್ದು ಹೊರಡುವ ಹೊತ್ತಿಗೆ. ಹಿಂದಿನ ವರ್ಷ 200 ಕಿ.ಮೀ. ಬ್ರೆವೆಯನ್ನು, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯನ್ನು, 13 ತಾಸು 30 ನಿಮಿಷದ ಗಡುವಿನೊಳಗೆ ಮುಗಿಸಿದ್ದರಂತೆ. ಈ ಸಲ 300ರ ಆಸೆ, ಅದಕ್ಕೆ ಗಡುವು 20 ತಾಸು. "ವಾರವೆಲ್ಲ ಲಾಡ್ಜ್‌ನಲ್ಲಿ ಬಿದ್ದಿರ್ತೇನೆ ಮೇಡಂ. ಕಷ್ಟಪಟ್ಟು ಮಾಡಿದ್ದೆಲ್ಲ ಕರಗಿ ಹೋಗ್ತಾ ಇದೆ" ಎಂದು ಫೋನ್ ಮುಂದೆ ಹಿಡಿದರು. ಸವಾರಿಯ ಲೆಕ್ಕ ಇಡುವ ಆ್ಯಪ್‌ನಲ್ಲಿ ಫಿಟ್‌ನೆಸ್ ತೋರಿಸುವ ಒಂದು ನೀಲಿ ಗೆರೆ. ಸೋಮವಾರದಿಂದ ಶುಕ್ರವಾರದವರೆಗೆ ಇಳಿಯುತ್ತದೆ, ಶನಿವಾರ ಮೇಲಕ್ಕೆ ಜಿಗಿಯುತ್ತದೆ, ಮತ್ತೆ ಇಳಿಯುತ್ತದೆ.

ಆ ಜಿಗಿತ ಹೇಗೆ ಬಂತು ಎಂದು ಕೇಳಿದೆ. ಶನಿವಾರ ಬಸ್ ಇಳಿದವರೇ ಸೈಕಲ್ ಹತ್ತುತ್ತಾರೆ. ದೇವಿಮನೆ ಘಟ್ಟ ಇಳಿದು ಕುಮಟೆ, ಅಲ್ಲಿಂದ ಮಧ್ಯಾಹ್ನದ ಬಿಸಿಲಲ್ಲಿ ಮತ್ತೆ ಘಟ್ಟ ಹತ್ತಿ ಮನೆ. ಐದು ದಿನದ ಬಾಕಿ ಒಂದೇ ದಿನ ಚುಕ್ತಾ! ಬಸ್ಸಿನಲ್ಲಿ ಅರೆನಿದ್ದೆ ಮಾಡಿದ ಮನುಷ್ಯ ಆ ತಿರುವುಗಳಲ್ಲಿ ಲಾರಿಗಳ ಜೊತೆ ಇಳಿಯುವುದನ್ನು ನೆನೆದು ನನಗೆ ಹೆದರಿಕೆಯಾಯಿತು. ಅವರಿಗೆ ಆಗಿರಲಿಲ್ಲ.

ಎರಡನೇ ಭೇಟಿಗೆ ಹೆಂಡತಿಯನ್ನೂ ಕರೆದೆ. ಅವರು ಹೆಚ್ಚು ಮಾತಾಡಲಿಲ್ಲ. "ಇವರು ಮನೇಲಿರೋದೇ ಎರಡು ದಿನ. ಒಂದು ದಿನ ಸೈಕಲ್ ಮೇಲೆ, ಇನ್ನೊಂದು ದಿನ ಹಾಸಿಗೆ ಮೇಲೆ" ಎಂದರು. ಮಂಜುನಾಥ ನೆಲ ನೋಡುತ್ತ ಕೂತರು.

ಕಾರಣ ಹುಡುಕುತ್ತ ಬಾಲ್ಯದವರೆಗೆ ಹೋಗುವ ಅಗತ್ಯ ನನಗೆ ಕಾಣಲಿಲ್ಲ. ತೊಂದರೆ ಇದ್ದದ್ದು ಲೆಕ್ಕದಲ್ಲಿ. ಆ್ಯಪ್ ಫಿಟ್‌ನೆಸ್ ಎಂದು ತೋರಿಸುವುದು ಸಾಮಾನ್ಯವಾಗಿ ಹಿಂದಿನ 42 ದಿನಗಳ ವ್ಯಾಯಾಮದ ಒಂದು ಬಗೆಯ ಸರಾಸರಿ, ಅದರಲ್ಲಿ ಇತ್ತೀಚಿನ ದಿನಗಳಿಗೆ ತೂಕ ಜಾಸ್ತಿ. ಸೈಕಲ್ ಮುಟ್ಟದ ದಿನ ಅದು ಇಳಿಯಲೇಬೇಕು. ಅದು ಕಾಲು, ಎದೆಯನ್ನು ಪರೀಕ್ಷಿಸಿ ಹೇಳಿದ ಮಾತಲ್ಲ. ಶರೀರ ಅಷ್ಟು ಬೇಗ ಮರೆಯುವುದಿಲ್ಲ. ಪೂರ್ತಿ ಬಿಟ್ಟರೆ ರಕ್ತದ ನೀರಿನಂಶ ಮೊದಲು ಕಡಿಮೆಯಾಗುತ್ತದೆ, ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತವೂ ಇಳಿಯುತ್ತದೆ. ಆದರೂ ದಮ್ಮು ಇಳಿದದ್ದು ಎದ್ದು ಕಾಣಲು ಎರಡು ವಾರವಾದರೂ ಬೇಕು. ನಾಲ್ಕೈದು ದಿನಕ್ಕೆ ಗಾಬರಿ ಬೀಳುವಂಥದ್ದೇನೂ ಆಗುವುದಿಲ್ಲ.

ಇನ್ನೊಂದು ವಿಷಯ ಅವರಿಗೆ ಬಹಳ ಹಿಡಿಸಿತು. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಮತ್ತು ಜೊತೆಗಾರರು ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ ಬೆವರಿಳಿಸುತ್ತಿದ್ದವರ ವ್ಯಾಯಾಮವನ್ನು ಬೇರೆಬೇರೆ ರೀತಿ ಕಡಿಮೆ ಮಾಡಿ ನೋಡಿದರು. ವಾರಕ್ಕೆ 2 ದಿನಕ್ಕಿಳಿಸಿದರೂ ದಮ್ಮು ಉಳಿಯಿತು. 40 ನಿಮಿಷವನ್ನು 13ಕ್ಕಿಳಿಸಿದರೂ ಉಳಿಯಿತು, ತುಂಬಾ ಹೊತ್ತು ತಾಳುವ ಶಕ್ತಿ ಮಾತ್ರ ಸ್ವಲ್ಪ ತಗ್ಗಿತು. ಜೋರು ಕಡಿಮೆ ಮಾಡಿದವರು ಕಳೆದುಕೊಂಡರು. ಅಂದರೆ ದಿನ ಬಿಡಬಹುದು, ಹೊತ್ತು ಬಿಡಬಹುದು, ಜೋರು ಬಿಡಬಾರದು. ಮಂಜುನಾಥ ಮಾಡುತ್ತಿದ್ದದ್ದು ತದ್ವಿರುದ್ಧ. ರಾತ್ರಿ ಊಟವಾದ ಮೇಲೆ ಲಾಡ್ಜ್ ಎದುರಿನ ಫುಟ್‌ಪಾತಿನಲ್ಲಿ ಸುಮ್ನೆ ಒಂದು ತಾಸು ನಡಿಗೆ.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಬಿಪಿ, ಇಸಿಜಿ ನೋಡಿಸದೆ ಈ ವಯಸ್ಸಿನವರಿಗೆ ಜೋರು ವ್ಯಾಯಾಮದ ಮಾತು ನಾನು ಆಡುವುದಿಲ್ಲ. ಅದೆಲ್ಲ ಸರಿ ಎಂದ ಮೇಲೆ ಮಂಗಳವಾರ, ಗುರುವಾರ ಬೆಳಿಗ್ಗೆ ಅರ್ಧ ತಾಸು ಗೊತ್ತು ಮಾಡಿಕೊಂಡೆವು. ಹತ್ತಿರ ಜಿಮ್ ಇದ್ದರೆ ಅಲ್ಲಿಯ ಸೈಕಲ್, ಇಲ್ಲದಿದ್ದರೆ ಲಾಡ್ಜಿನ ಮೆಟ್ಟಿಲು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಮೂರು ನಿಮಿಷ ಜೋರಾಗಿ, ಎರಡು ನಿಮಿಷ ಆರಾಮಾಗಿ, ಹೀಗೆ ನಾಲ್ಕು ಸಲ. ಜೋರು ಎಂದರೆ ಎರಡು ಶಬ್ದಕ್ಕಿಂತ ಹೆಚ್ಚು ಮಾತಾಡಲು ಆಗಬಾರದು, ಅಷ್ಟು. ಇಳಿಯುವಾಗ ಮೆಟ್ಟಿಲು ಓಡಬೇಡಿ ಎಂದೂ ಹೇಳಿದೆ, ಮಂಡಿಗೆ ಪೆಟ್ಟು ಬೀಳುವುದು ಅಲ್ಲೇ.

ಶನಿವಾರ ಬಸ್ ಇಳಿದರೆ ನಿದ್ದೆ. ದೂರದ ಸವಾರಿ ಭಾನುವಾರ ಬೆಳಿಗ್ಗೆ, ತಾಳುವ ಶಕ್ತಿಗೆ ಅದು ಬೇಕೇ ಬೇಕು. ಆದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕು ಎನ್ನುವುದು ಹೆಂಡತಿ ಹಾಕಿದ ಷರತ್ತು. ನಾನು ಹಾಕಿದ್ದು ಒಂದೇ: ತಪ್ಪಿದ ದಿನ ತಪ್ಪಿತು, ಅದನ್ನು ಮುಂದಿನ ದಿನಕ್ಕೆ ಕೂಡಿಸುವಂತಿಲ್ಲ. ಆ್ಯಪ್ ತೆರೆದು ನೋಡುವ ಮೊದಲು ಕಾಲು ಹೇಗಿದೆ, ನಿದ್ದೆ ಹೇಗಾಯಿತು ಎಂದು ಒಂದು ಸಾಲು ಬರೆದಿಡಬೇಕು.

ಮೊದಮೊದಲು ಈ ಬರೆಯುವ ಕೆಲಸವೇ ಅವರಿಗೆ ಕಿರಿಕಿರಿ. "ಶಾಲೆ ಹುಡುಗನ ಕಾಪಿ ಬರವಣಿಗೆ ಆಯ್ತಲ್ಲ" ಎಂದು ಗೊಣಗಿದರು. ಆದರೆ ಗೆರೆ ಕೆಳಗಿದ್ದ ದಿನವೂ ಕಾಲು ಹಗುರ ಎಂದು ತಮ್ಮದೇ ಅಕ್ಷರದಲ್ಲಿ ಕಂಡ ಮೇಲೆ ವಾದ ನಿಂತಿತು. ನಿದ್ದೆ ಸುಧಾರಿಸಿದೆ. ಸಿಟ್ಟು ಪೂರ್ತಿ ಹೋಗಿಲ್ಲ. ಅದರಲ್ಲಿ ಕೆಲಸದ ಟಾರ್ಗೆಟ್‌ನ ಪಾಲೂ ಇದೆ, ಅದರ ಮಾತುಕತೆ ಇನ್ನೂ ನಡೆದಿದೆ. 300ಕ್ಕೆ ಹೆಸರು ಕೊಡುವುದನ್ನು ಮುಂದಿನ ಹಂಗಾಮಿಗೆ ಹಾಕಿದ್ದಾರೆ, ಅದು ಅವರದೇ ನಿರ್ಧಾರ.

ಮಳೆಗಾಲದಲ್ಲಿ ಘಟ್ಟದ ಕಡೆ ಹೋಗುವುದು ಬೇಡ, ಗುಡ್ಡ ಕುಸಿಯುವ ದಾರಿ ಅದು ಎಂದಿದ್ದೇನೆ. ಸೈಕಲ್ಲಿನ ಹಿಂದಿನ ಗಾಲಿ ಸಿಕ್ಕಿಸಿ ನಿಂತಲ್ಲೇ ತುಳಿಯುವ ಟ್ರೈನರ್ ತರುತ್ತೇನೆ ಎಂದರು. ಹೆಂಡತಿಯನ್ನು ಕೇಳಿದೆ. "ಜಗುಲಿಯಲ್ಲಿ ಇಟ್ಕೊಂಡ್ರೆ ಅಡ್ಡಿಲ್ಲ. ಅಡಿಕೆ ಹರವೋ ಜಾಗ ಬಿಟ್ಟು."