ಅಕ್ಕನ ಡಯಟ್, ನನ್ನ ಮಾತ್ರೆ

ಪ್ರಶ್ನೆ: ನನಗೆ 47 ವರ್ಷ, ತೂಕ 84 ಕೆ.ಜಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತಗೊಳ್ತೀನಿ, ಥೈರಾಯ್ಡ್‌ಗೆ ಬೆಳಿಗ್ಗೆ ಒಂದು ಮಾತ್ರೆ. ಯೂರಿಕ್ ಆಸಿಡ್ಡೂ ಜಾಸ್ತಿ. ತೂಕ ಇಳಿಸಿ ಅಂತ ಡಾಕ್ಟರು ಹೇಳ್ತಾರೆ, ಹೇಗೆ ಅಂತ ಹೇಳಲ್ಲ. ಅಕ್ಕ ದಿನಕ್ಕೆ 16 ಗಂಟೆ ಹೊಟ್ಟೆ ಖಾಲಿ ಬಿಟ್ಟು 11 ಕೆ.ಜಿ. ಇಳಿಸಿದಳು. ನಾನೂ ಶುರು ಮಾಡಿದೆ. ನಾಲ್ಕನೇ ದಿನ ಕೈ ನಡುಗಿ, ಮೈಯೆಲ್ಲ ಬೆವತು, ಅಡುಗೆಮನೆಯಲ್ಲಿ ಕುಸಿದು ಕೂತು ಡಬ್ಬಿಯಿಂದ ಸಕ್ಕರೆ ಮುಕ್ಕಿದೆ. ಆಮೇಲೆ ಬರೀ ಮಾಂಸ, ಮೊಟ್ಟೆ ಅಂತ ಹಿಡಿದೆ. ಕಾಲಿನ ಹೆಬ್ಬೆರಳು ಊದಿ ಚಪ್ಪಲಿ ಹಾಕೋಕಾಗಲಿಲ್ಲ. ‘ನಿಂಗೆ ಬಾಯಿ ಕಟ್ಟೋಕಾಗಲ್ಲ’ ಅಂತ ಅಕ್ಕನೂ ನಮ್ಮನೆಯವರೂ ಆಡಿಕೊಳ್ತಾರೆ. ನನಗೆ ಅಷ್ಟೂ ಮನಸ್ಸು ಗಟ್ಟಿ ಇಲ್ವಾ?

ಉತ್ತರ: ಆ ಸಕ್ಕರೆ ಡಬ್ಬಿಯ ವಿಷಯವನ್ನು ನೀವು ಏನೋ ತಪ್ಪೊಪ್ಪಿಗೆಯ ಹಾಗೆ ಬರೆದಿದ್ದೀರಿ. ಆ ಗಳಿಗೆಯಲ್ಲಿ ನೀವು ಮಾಡಬೇಕಾಗಿದ್ದದ್ದೇ ಅದು. ನೀವು ಉಂಡಿದ್ದೀರೋ ಇಲ್ಲವೋ ಗ್ಲಿಮೆಪಿರೈಡ್ ವಿಚಾರಿಸುವುದಿಲ್ಲ. ಇನ್ಸುಲಿನ್ ಬಿಡು ಎಂದು ಮೇದೋಜೀರಕಕ್ಕೆ ಹೇಳುತ್ತಲೇ ಇರುತ್ತದೆ. ಹೊಟ್ಟೆ ಖಾಲಿಯಿದ್ದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಜಾರುತ್ತದೆ. ನಡುಕ, ಬೆವರು, ಕಣ್ಣು ಕತ್ತಲೆ ಎಲ್ಲ ಅದರದ್ದೇ. ಇನ್ನೂ ‘ಮನಸ್ಸು ಗಟ್ಟಿ’ ಮಾಡಿಕೊಂಡು ಕೂತಿದ್ದರೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದಿರೇನೋ. ಅಕ್ಕತಂಗಿಯರ ಮನೋಬಲ ತೂಗುವ ಮೊದಲು ಇಬ್ಬರ ಮಾತ್ರೆ ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕಿತ್ತು.

ಹೆಬ್ಬೆರಳಿನದ್ದು ಗೌಟ್, ಅಂದರೆ ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂತು ಬರುವ ಊತ, ಇರಬಹುದು. ನಾನು ಡಾಕ್ಟರಲ್ಲ, ತೋರಿಸಿಕೊಳ್ಳಿ. ಮಾಂಸ, ಅದರಲ್ಲೂ ಲಿವರ್‌ನಂಥ ಭಾಗಗಳು ಯೂರಿಕ್ ಆಸಿಡ್ ಏರಿಸುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ಉಪವಾಸವೂ ಏರಿಸುತ್ತದೆ, ದಡಬಡ ತೂಕ ಇಳಿದರೂ ಏರುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನೀವು ಉಪವಾಸ, ಮಾಂಸ ಎರಡನ್ನೂ ಒಂದರ ಬೆನ್ನಿಗೊಂದು ಮಾಡಿದಿರಿ.

ಥೈರಾಯ್ಡ್‌ ಮೇಲೆ ಬಹಳ ಹೊಣೆ ಹೊರಿಸಬೇಡಿ. ಅದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕೆ.ಜಿ., ಅದರಲ್ಲಿ ಬಹುಪಾಲು ಉಪ್ಪು, ನೀರು. ಮಾತ್ರೆಯನ್ನು ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸಾಕು.

ಹಾಗಾದರೆ ಯಾವ ಡಯಟ್? ಈ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು ಅನ್ನುತ್ತೇನೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಎಂಬ ಅಧ್ಯಯನ ನಡೆಯಿತು, 2017ರಲ್ಲಿ ಫಲಿತಾಂಶ ಬಂತು. ಸಕ್ಕರೆ ಕಾಯಿಲೆಯವರಿಗೆ ಮೊದಲ ಕೆಲವು ತಿಂಗಳು ದಿನಕ್ಕೆ ಬರೀ 850 ಕ್ಯಾಲೊರಿ ಆಸುಪಾಸು. ವರ್ಷ ತುಂಬುವಾಗ ಹೆಚ್ಚುಕಡಿಮೆ ಅರ್ಧದಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು. ಸುದ್ದಿಯಾದದ್ದು ಇಷ್ಟು. ಸುದ್ದಿಯಾಗದೆ ಉಳಿದದ್ದು, ಅವರ ಸಕ್ಕರೆ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರ ಉಸ್ತುವಾರಿಯಲ್ಲಿ ನಿಲ್ಲಿಸಿದ್ದರು ಎಂಬುದು. ಊಟ ಬದಲಾದ ದಿನವೇ ಔಷಧಿಯೂ ಬದಲಾಗಿತ್ತು. ನೀವು ಊಟ ಮಾತ್ರ ಬದಲಿಸಿದಿರಿ. ಹಾಗಂತ ನೀವಾಗಿಯೇ ಮಾತ್ರೆ ಬಿಟ್ಟುಬಿಡಬೇಡಿ, ಅದು ಇನ್ನೊಂದು ಫಜೀತಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವ ಮೊದಲು ಮೂರು ದಿನ ಏನೇನು ತಿಂದಿರಿ, ಎಷ್ಟು ಹೊತ್ತಿಗೆ, ಆಗ ಸಕ್ಕರೆ ಎಷ್ಟಿತ್ತು ಅಂತ ಬರೆದಿಡಿ. ಮಾತ್ರೆ ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ‘ತೂಕ ಹೇಗೆ ಇಳಿಸಲಿ’ ಅನ್ನಬೇಡಿ, ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ‘ಊಟ ಕಡಿಮೆ ಮಾಡ್ತಿದ್ದೀನಿ, ಯಾವ ಮಾತ್ರೆ ಎಷ್ಟು ಇಳಿಸಬೇಕು? ಸಕ್ಕರೆ ಕುಸಿಯದಂಥ ಬೇರೆ ಮಾತ್ರೆ ನನಗೆ ಆಗುತ್ತಾ?’ ಎಂದು ಕೇಳಿ. ಡಯಟಿಷಿಯನ್‌ಗೆ ಚೀಟಿ ಬರೆಸಿಕೊಳ್ಳಿ. ಗ್ಲಿಮೆಪಿರೈಡ್ ಬದಲಿಗೆ ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಹೆಸರಿನ ಮಾತ್ರೆ ಕೊಟ್ಟರೆ ಒಂದು ಎಚ್ಚರ: ಅಕ್ಕ ಈ ಸಲ ಕೀಟೋ (ಅನ್ನ, ರೊಟ್ಟಿ ಹೆಚ್ಚುಕಡಿಮೆ ಬಿಟ್ಟು ಕೊಬ್ಬೇ ಹೆಚ್ಚು ತಿನ್ನುವ ಡಯಟ್) ಅಂದರೂ ಆ ಕಡೆ ತಲೆ ಹಾಕಬೇಡಿ. ಆ ಜೋಡಿಯಲ್ಲಿ ರಕ್ತ ಆಮ್ಲೀಯವಾಗುವ ಅಪಾಯವಿದೆ, ಸಕ್ಕರೆ ಅಷ್ಟೇನೂ ಏರದಿರುವಾಗಲೂ.

11 ಕೆ.ಜಿ. ಮರೆತುಬಿಡಿ. ನಿಮ್ಮ ತೂಕದ ಶೇ 5, ಅಂದರೆ ನಾಲ್ಕು ಕೆ.ಜಿ. ಚಿಲ್ಲರೆ ಇಳಿದರೂ ಸಕ್ಕರೆ, ಬಿ.ಪಿ. ಎರಡೂ ಸುಧಾರಿಸುತ್ತವೆ. ವಾರಕ್ಕೆ ಅರ್ಧ ಕೆ.ಜಿ. ಸಾಕು, ಅವಸರ ಮಾಡಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟಿಕೊಳ್ಳುವುದೂ ಉಂಟು.

ಅಲ್ಲಿಯವರೆಗೆ ಒಂದು ಹೊತ್ತೂ ಊಟ ತಪ್ಪಿಸಬೇಡಿ. ಮತ್ತೆ ನಡುಕ ಬಂದರೆ ಮೂರು ಚಮಚ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಆಮೇಲೆ ಊಟ. ಬಾಯಿ ಕಟ್ಟು ಅನ್ನುತ್ತಾರಲ್ಲ ನಿಮ್ಮನೆಯವರು, ಆ ಡಬ್ಬಿ ಯಾವ ಕಪಾಟಿನಲ್ಲಿದೆ ಅಂತ ಇವತ್ತೇ ಅವರಿಗೆ ತೋರಿಸಿಡಿ.