ಗಗಾರಿನ್ ನೌಕೆಯೊಳಗೆ ಕೂತೇ ಇಳಿದರಾ?

ಪ್ರಶ್ನೆ: ಬಾಹ್ಯಾಕಾಶಕ್ಕೆ ಮೊದಲು ಹೋದ ಯೂರಿ ಗಗಾರಿನ್ ವಾಪಸ್ ಬರುವಾಗ ನೌಕೆ ಬಿಟ್ಟು ಪ್ಯಾರಾಚೂಟ್‌ನಲ್ಲಿ ಇಳಿದರಂತೆ. ನಿಜವೇ?

ಉತ್ತರ: ನಿಜ. ಏನೋ ಎಡವಟ್ಟಾಗಿ ಹಾರಿದ್ದಲ್ಲ, ಮೊದಲೇ ಹಾಗಂತ ತೀರ್ಮಾನವಾಗಿತ್ತು. ಅವರ ನೌಕೆ ವೋಸ್ತೋಕ್‌ನಲ್ಲಿ ಮನುಷ್ಯ ಕೂರುವ ಭಾಗ ಸುಮಾರು 2.3 ಮೀಟರ್ ಅಡ್ಡಳತೆಯ ಒಂದು ಗುಂಡು. ಒಂದು ಬದಿಗೆ ತೂಕ ಜಾಸ್ತಿ ಇಟ್ಟಿದ್ದರು, ಹಾಗಾಗಿ ತಳ ಭಾರದ ಗೊಂಬೆಯ ಥರ ಗಾಳಿಯಲ್ಲಿ ಬೀಳುತ್ತಾ ತಾನೇ ನೆಟ್ಟಗಾಗುತ್ತಿತ್ತು, ಯಾರೂ ತಿರುಗಿಸಬೇಕಿರಲಿಲ್ಲ. ಬಿಸಿ ತಡೆಯುವ ಹೊದಿಕೆ ಸುತ್ತಲೂ ಇತ್ತು. ತೊಂದರೆ ಇದ್ದದ್ದು ಕೊನೇ ಕ್ಷಣದಲ್ಲಿ. ಪ್ಯಾರಾಚೂಟ್ ಬಿಚ್ಚಿಕೊಂಡರೂ ಗುಂಡು ನೆಲಕ್ಕೆ ಜೋರಾಗಿಯೇ ಬಡಿಯುತ್ತಿತ್ತು, ಒಳಗಿದ್ದವರ ಸೊಂಟ ಉಳಿಯುತ್ತದೆ ಅನ್ನುವ ಭರವಸೆ ಇರಲಿಲ್ಲ. ಹೊಡೆತ ತಗ್ಗಿಸುವ ಪುಟ್ಟ ರಾಕೆಟ್ ಬಂದದ್ದು ಆಮೇಲೆ, 1964ರ ವೋಸ್ಖೋದ್ ನೌಕೆಯಲ್ಲಿ. ಅದಕ್ಕೇ ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಬಾಗಿಲು ಕಿತ್ತುಹೋಗಿ, ಕುರ್ಚಿ ಸಮೇತ ಗಗಾರಿನ್ ಹೊರಗೆ!

1961ರ ಏಪ್ರಿಲ್ 12, ರಷ್ಯಾದ ಸರಾತೋವ್ ಹತ್ತಿರದ ಹೊಲ. ಕಿತ್ತಳೆ ಬಣ್ಣದ ಉಡುಪು, ಬಿಳಿ ಹೆಲ್ಮೆಟ್ ಹಾಕಿಕೊಂಡು ಬಂದವನನ್ನು ಮೊದಲು ಕಂಡದ್ದು ಒಬ್ಬ ಅಜ್ಜಿ ಮತ್ತು ಪುಟ್ಟ ಮೊಮ್ಮಗಳು. ಹೆದರಿಕೊಂಡರು. ಹೆದರದೆ ಇನ್ನೇನು?

ಹೀಗೆ ನೌಕೆ ಬಿಟ್ಟು ಇಳಿದದ್ದನ್ನು ಸೋವಿಯತ್ ಸರ್ಕಾರ ವರ್ಷಗಟ್ಟಲೆ ಮುಚ್ಚಿಟ್ಟಿತು. ಹಾರಾಟದ ದಾಖಲೆಗಳಿಗೆ ಮುದ್ರೆ ಒತ್ತುವ ಎಫ್‌ಎಐ ಸಂಸ್ಥೆಯ ನಿಯಮದಂತೆ ಪೈಲಟ್ ತನ್ನ ವಾಹನದ ಜೊತೆಗೇ ಇಳಿಯಬೇಕಿತ್ತು. ನನ್ನ ಕೇಳಿದರೆ ಸುಮ್ನೆ ಅಂಜಿದರು, ಅಷ್ಟು ಎತ್ತರ ಹೋಗಿ ಬಂದವನನ್ನು ಇದೊಂದಕ್ಕೆ ಯಾರು ತಳ್ಳಿಹಾಕುತ್ತಿದ್ದರು?

ಪ್ರಶ್ನೆ: ಹಾಗಾದರೆ ನೌಕೆ ಓಡಿಸಿದ್ದು ಅವರೇನಾ?

ಉತ್ತರ: ಇಲ್ಲ, ಎಲ್ಲವೂ ತಾನಾಗಿಯೇ ನಡೆಯುವಂತೆ ಮಾಡಿದ್ದರು. ತೂಕವಿಲ್ಲದ ಸ್ಥಿತಿಯಲ್ಲಿ ತಲೆ ಕೆಟ್ಟರೆ ಅಂತ ಭಯಪಟ್ಟು ಕೈಯಿಂದ ನಡೆಸುವ ವ್ಯವಸ್ಥೆಗೆ ಸಂಖ್ಯೆಯ ಬೀಗ ಹಾಕಿ, ಸಂಖ್ಯೆಯನ್ನು ಲಕೋಟೆಯಲ್ಲಿಟ್ಟಿದ್ದರು. ಅದು 125. ತಮಾಷೆ ಅಂದರೆ, ಹಾರುವ ಮೊದಲೇ ಅದನ್ನು ಅವರ ಕಿವಿಯಲ್ಲಿ ಹೇಳಿಬಿಟ್ಟಿದ್ದರು.

ಬೀಗ ತೆಗೆಯುವ ಪ್ರಮೇಯ ಬರಲಿಲ್ಲ. ಬಂದ ಕಷ್ಟವೇ ಬೇರೆ. 108 ನಿಮಿಷದ ಆ ಪ್ರಯಾಣದ ಕೊನೆಯಲ್ಲಿ ಕಳಚಿಕೊಳ್ಳಬೇಕಿದ್ದ ಯಂತ್ರಗಳ ಭಾಗ ತಂತಿಗಳ ಕಟ್ಟಿಗೆ ಸಿಕ್ಕಿ ನೇತಾಡುತ್ತಿತ್ತು, ಸುಮಾರು ಹತ್ತು ನಿಮಿಷ ನೌಕೆ ಗಿರಗಿರ ತಿರುಗಿತು. ಕೊನೆಗೆ ಗಾಳಿಯ ಬಿಸಿಗೆ ತಂತಿ ಸುಟ್ಟುಹೋಯಿತು, ಗುಂಡು ತನ್ನ ಪಾಡಿಗೆ ನೆಟ್ಟಗಾಯಿತು.